ಸೋಫಾ ನಾಯಿ, ಕಣದ ನಾಯಿ

ಕಾಫಿಗೆ ರೇಟು ಬಂತು. ಅಂಗಳಕ್ಕೆ ಇಂಟರ್‌ಲಾಕ್ ಬಂತು. ಸೋಫಾ ಮೇಲೆ ಶಿಟ್ಜು ಬಂತು. ಸಕಲೇಶಪುರ, ಆಲೂರು ಕಡೆಯ ತೋಟದ ಮನೆಗಳಲ್ಲಿ ಈಗ ಇದೇ ಕ್ರಮ.

ಬೆಂಗಳೂರಿನಿಂದ ಎಸಿ ಕಾರಿನಲ್ಲಿ ಬಂದ ಮರಿ. ಹೆಸರು ಕೋಕೋ. ಅದನ್ನು ನಾಯಿ ಅಂದರೆ ಮನೆಯವರಿಗೆ ಸಿಟ್ಟು. ‘ನಮ್ಮ ಪಾಪು’ ಅನ್ನಬೇಕು.

ಎರಡು ತಿಂಗಳು ತುಂಬದ ಮರಿ ಮಾರಬಾರದು, ಮರಿ ಮಾಡಿಸಿ ಮಾರುವವನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಇದು 2017ರ ಕೇಂದ್ರ ನಿಯಮ. ಹಳೇ ಜೀಪು ಕೊಳ್ಳುವಾಗ ಆರ್‌ಸಿಯನ್ನು ಮೂರು ಸಲ ತಿರುವಿ ನೋಡುವವರು ಮರಿ ಕೊಳ್ಳುವಾಗ ನೋಂದಣಿ ಕೇಳಿದ್ದನ್ನು ನಾನಂತೂ ಕಂಡಿಲ್ಲ. ‘ಎಷ್ಟು ಕಮ್ಮಿ ಮಾಡ್ತೀರಿ’ ಎಂದು ಕೇಳಿದ್ದು ಕಂಡಿದ್ದೇನೆ.

ಟಿಬೆಟ್ ಮೂಲದ, ಚೀನಾದ ಅರಮನೆಯಲ್ಲಿ ಮಡಿಲ ಮೇಲೆ ಬೆಳೆದ ತಳಿ ಇದು. ಐದಾರು ಕೆಜಿ ತೂಕ. ಮೋಟು ಮೂಗು, ಹೊರಚಾಚಿದ ಕಣ್ಣು. ಕೂದಲು ನಿಲ್ಲದೆ ಬೆಳೆಯುತ್ತದೆ. ದಿನಾ ಬಾಚಬೇಕು. ಬಿಟ್ಟರೆ ಗಂಟು, ಗಂಟಿನೊಳಗೆ ಒದ್ದೆ, ಒದ್ದೆಯೊಳಗೆ ಹುಣ್ಣು. ಇಂಥದ್ದನ್ನು ತಂದು ಬಿಟ್ಟದ್ದು ಎಲ್ಲಿಗೆ? ಆರಿದ್ರಾ ಮಳೆ ಹಿಡಿದರೆ ವಾರವಾದರೂ ಬನಿಯನ್ ಒಣಗದ ಊರಿಗೆ. ಜೋಲು ಕಿವಿಯೊಳಗೆ ಕೀವು ತುಂಬಿ ಹಾಲ್ ತುಂಬಾ ವಾಸನೆ ಹೊಡೆದ ದಿನ ಪಾಪುವಿಗೆ ಕಿವಿಯೂ ಇದೆ ಎಂಬುದು ಮನೆಯವರ ಗಮನಕ್ಕೆ ಬರುತ್ತದೆ.

ಪಾಪುವಿಗೆ ರೇನ್‌ಕೋಟು ಉಂಟು. ಅದನ್ನು ತೊಡಿಸಿ ಹೊರಗೆ ಕರೆದೊಯ್ಯುವ ಲೈನ್ ಮನೆ ಹೆಣ್ಣುಮಗಳ ತಲೆ ಮೇಲೆ ಗೊಬ್ಬರದ ಚೀಲದ ಕೊಪ್ಪೆ.

ತೋಟದಲ್ಲಿ ಒಂದು ಸುತ್ತು ಹಾಕಿ ಬಂದರೆ ಕಾಲಿಗೆ ಇಂಬಳ. ಬೆರಳ ಸಂದಿಯ ಕೂದಲು ಬಿಡಿಸಿ ನೋಡಿದರೆ ಮೆಣಸಿನ ಕಾಳಿನಷ್ಟು ದಪ್ಪನೆಯ ಉಣುಗು. ಆಗ ಸಾಹುಕಾರರು ಕೊಟ್ಟಿಗೆಯಿಂದ ಬಾಟಲಿ ತರಿಸುತ್ತಾರೆ. ದನದ ಉಣುಗಿಗೆ ತಂದ ಔಷಧಿ. ಕ್ವಿಂಟಾಲುಗಟ್ಟಲೆ ತೂಗುವ ಹಸುವಿನ ಲೆಕ್ಕದ್ದು. ಅದನ್ನು ಅಂದಾಜಿನ ಮೇಲೆ ಬಕೆಟ್ಟಿಗೆ ಸುರಿದು ಪಾಪುವನ್ನು ಅದ್ದಿ ತೆಗೆಯುತ್ತಾರೆ. ಪಾಪು ಮೈ ನೆಕ್ಕುತ್ತದೆ. ಜೊಲ್ಲು ಸುರಿಸುತ್ತದೆ. ಗಡಗಡ ನಡುಗುತ್ತದೆ.

‘ಚಳಿ ಇರ್ಬೇಕು ಕಣೇ, ಸ್ವೆಟರ್ ಹಾಕು.’

ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಎಂದು ತಕ್ಕಡಿ ಹಿಡಿದು ತೂಗುವವರೂ ಇವರೇ. ಕಾಫಿ ಗಿಡಕ್ಕೆ ಅಳತೆ ಉಂಟು. ಮಗುವಿಗೆ ಇಲ್ಲ.

ಇನ್ನು ನೆಂಟರ ಪ್ರೀತಿ. ಲೋಟದ ತಳದ ಕಾಫಿ, ಹೋಂಮೇಡ್ ಚಾಕೊಲೇಟು, ನಾಲ್ಕು ದ್ರಾಕ್ಷಿ. ಕೆಫೀನ್ ನಾಯಿಗೆ ವಿಷ. ಚಾಕೊಲೇಟಿನ ಥಿಯೋಬ್ರೋಮಿನ್ ವಿಷ. ದ್ರಾಕ್ಷಿ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ‘ನಮ್ಮ ಪಾಪು ಕಾಫಿ ಕುಡಿಯುತ್ತೆ ಗೊತ್ತಾ?’ ಗೊತ್ತು ತಾಯಿ. ನಿಮ್ಮ ಸ್ಟೇಟಸ್ ನೋಡಿದ್ದೇವೆ.

ಎರಡನೇ ಮಳೆಗಾಲದ ಹೊತ್ತಿಗೆ ಪಾಪು ವಾಟ್ಸ್‌ಆ್ಯಪ್ ಗ್ರೂಪಿಗೆ ಬರುತ್ತದೆ. ‘ಒಳ್ಳೆಯ ಮನೆಗೆ ಉಚಿತವಾಗಿ ಕೊಡಲಾಗುವುದು.’ ತಮ್ಮದು ಒಳ್ಳೆಯ ಮನೆಯಲ್ಲ ಎಂದು ಬರೆದು ಕೊಟ್ಟ ಹಾಗಾಯಿತು. ಹತ್ತು ವರ್ಷದ ಮೇಲೆ ಬದುಕುವ ಜೀವ ಅದು. ಇವರ ಪ್ರೀತಿಗೆ ಒಂದೇ ವರ್ಷದ ವಾರಂಟಿ.

ಅದೇ ಮನೆಯ ಕಣದಲ್ಲಿ ಕರಿಯ ಇದ್ದಾನೆ. ಕಪ್ಪಗಿದ್ದಾನೆ, ಅದಕ್ಕೆ ಕರಿಯ. ಹೆಸರಿಗೂ ಯಾರೂ ತಲೆ ಕೆಡಿಸಿಕೊಂಡಿಲ್ಲ. ಕೊಯ್ಲಿನ ರಾತ್ರಿಗಳಲ್ಲಿ ಒಣಹಾಕಿದ ಕಾಫಿ ಕಾಯುವವನು ಅವನೇ. ತೋಟಕ್ಕೆ ಆನೆ ಇಳಿದರೆ ಮೊದಲು ಬೊಗಳುವವನೂ ಅವನೇ. ಹಾಸಿಗೆ, ಹರಿದ ಗೋಣಿ. ಊಟ, ಉಳಿದರೆ. ಚುಚ್ಚುಮದ್ದು? ‘ಅಯ್ಯೋ, ನಾಟಿ ನಾಯಿಗೆ ಏನೂ ಆಗಲ್ಲ ಬಿಡಿ.’ ರೇಬೀಸ್ ತಳಿ ಕೇಳಿಕೊಂಡು ಬರುತ್ತದೆ ಎಂದು ಇವರಿಗೆ ಹೇಳಿದವರು ಯಾರೋ!

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರಿಗೆ ಹಾಕಿ ಎಂದಾಗ ಈ ಮನೆಯವರೂ ಅತ್ತರು. ಮೊಬೈಲಿನಲ್ಲಿ. ಹನ್ನೊಂದು ದಿನಕ್ಕೆ ಕೋರ್ಟು ಆದೇಶ ಬದಲಿಸಿತು. ರೇಬೀಸ್ ಇಲ್ಲದ, ಕಚ್ಚುವ ಚಾಳಿಯಿಲ್ಲದ ನಾಯಿಗಳಿಗೆ ಸಂತಾನಹರಣ ಮಾಡಿಸಿ, ಚುಚ್ಚುಮದ್ದು ಹಾಕಿಸಿ ಇದ್ದಲ್ಲಿಗೇ ಬಿಡಿ ಅಂದಿತು. ದೆಹಲಿಯ ನಾಯಿಗೆ ಬಿಡುಗಡೆಯಾಯಿತು. ಕರಿಯನ ಸರಪಳಿ ಅಲ್ಲೇ ಇದೆ, ಎರಡು ಮಾರು ಉದ್ದ.

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಪಾಪುವನ್ನು ಎತ್ತಿಕೊಂಡು ಪಶು ಆಸ್ಪತ್ರೆ ಬೋರ್ಡಿನ ಮುಂದೆ ಫೋಟೋ ತೆಗೆಸಿಕೊಳ್ಳುವವರು ಆ ದಿನ ತಪ್ಪದೆ ಬರುತ್ತಾರೆ. ಬನ್ನಿ, ಬೇಡ ಅಂದವರಾರು? ಬರುವಾಗ ಕರಿಯನನ್ನೂ ಜೀಪಿನ ಹಿಂದೆ ಹತ್ತಿಸಿಕೊಳ್ಳಿ. ಇಬ್ಬರಿಗೂ ಹಾಕುವುದು ಒಂದೇ ಲಸಿಕೆ.