ಗಡಿ ದಾಟಿಸುವ ಗಾಡಿ ಕಾಕಾ

ಹುಬ್ಬಳ್ಳಿಯ ಗೋಕುಲ ರೋಡಿರಲಿ, ಧಾರವಾಡದ ಸಪ್ತಾಪುರವಿರಲಿ, ಮನೆ ಮುಂದಿನ ಕಾರು ಮಾರಬೇಕೆಂಬ ವಿಚಾರ ನಿಮಗೆ ಹೊಳೆಯುವ ಮೊದಲೇ ಗಾಡಿ ಕಾಕಾನಿಗೆ ಹೊಳೆದಿರುತ್ತದೆ. ಚಹಾದ ನೆವ ಮಾಡಿಕೊಂಡು ಬರುತ್ತಾನೆ. ಬಾನೆಟ್ಟಿನ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಆಮೇಲೆ ಶುರು: “ಸರ, ಈಗ ಕೊಟ್ಟರ ರೊಕ್ಕ. ಬರೋ ವರ್ಷ ಕೊಟ್ಟರ ಗುಜರಿ. ನಿಮ್ಮಿಷ್ಟ.”

ಅವನಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಬಿಳಿ ಅಂಗಿಯ ಕಿಸೆಯಲ್ಲಿ ಎರಡು ಮೊಬೈಲು, ಒಂದು ಪೆನ್ಸಿಲು, ಒಂದು ಸೆಲ್ಲೋಟೇಪು, ಇಷ್ಟೇ ಬಂಡವಾಳ. ಅವನಪ್ಪ ದನದ ಸಂತೆಯ ದಲ್ಲಾಳಿ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಮುಗಿಸುತ್ತಿದ್ದವ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ ಮನೆತನ ಈಗ ಟಾಯರಿನ ಗೆರೆ ನೋಡಿ ಹೇಳುತ್ತದೆ. ಮೀಟರನ್ನಂತೂ ಕಾಕಾ ನೋಡುವುದೇ ಇಲ್ಲ. ಅದರ ಮೇಲೆ ಅವನಿಗೆ ನಂಬಿಕೆಯಿಲ್ಲ, ಕಾರಣವನ್ನು ನಾವು ಕೇಳಬಾರದು.

ಅವನ ವ್ಯಾಪಾರಕ್ಕೆ ಒಂದೇ ನಿಯಮ: ಊರಲ್ಲಿ ಮಾರಬಾರದು. “ಊರಾಗ ಗಾಡಿ ಕೊಡೂದಂದ್ರ ಬೀಗತನ ಮಾಡಿದಂಗ ನೋಡ್ರಿ. ಸಾಯೋತನಾ ಮಾತು ಕೇಳಬೇಕು.” ಸುಳ್ಳಲ್ಲ. ದುರ್ಗದ ಬೈಲಿನಲ್ಲಿ ಗಿರ್ಮಿಟ್ ಬಾಯಿಗಿಡುವಷ್ಟರಲ್ಲಿ ಬೆನ್ನ ಹಿಂದಿನಿಂದ “ಕಾಕಾ, ಕ್ಲಚ್ ಹೋತಲ್ಲೋ!” ಉಣಕಲ್ ಕೆರೆಯ ದಂಡೆಗೆ ವಾಕಿಂಗ್ ಹೋದರೆ ಎದುರಿಗೆ ಎಸಿ ಕೆಟ್ಟವ. ಹೀಗಾಗಿ ಪಾರ್ಟಿ ಏನಿದ್ದರೂ ಅನಮೋಡ ಘಾಟಿನ ಆಚೆಯದಿರಬೇಕು, ಇಲ್ಲವೇ ಕೊಗನೊಳ್ಳಿ ನಾಕಾದ ಆಚೆಯದು. ಕ್ಲಚ್ಚಿನ ಸಿಟ್ಟು ಅಷ್ಟು ದೂರದಿಂದ ಬರುವಷ್ಟರಲ್ಲಿ ಆರಿರುತ್ತದೆ.

ಗಾಡಿ ಒಂದೇ, ಭಾಷಣ ಎರಡು. ಮಡಗಾಂವದವನಿಗೆ ಫೋನಿನಲ್ಲಿ: “ಪಾತ್ರಾಂವ್, ಸಮುದ್ರದ ಗಾಳಿನ ಕಂಡಿಲ್ಲ ಈ ಗಾಡಿ. ತುಕ್ಕು ಹುಡುಕಿ ಕೊಟ್ಟರ ಪುಕ್ಕಟ ಒಯ್ಯಿರಿ. ಇಂಜಿನ್ನು ಘಾಟ್ ಹತ್ತಿ ಹತ್ತಿ ಪಳಗೇತಿ.” ಕಾಲು ತಾಸಿನ ನಂತರ ಕೊಲ್ಹಾಪುರದವನಿಗೆ: “ದಾದಾ, ಬಯಲುಸೀಮಿ ಗಾಡಿ. ಘಾಟ್ ಅಂದ್ರ ಏನಂತ ಇದಕ್ಕ ಗೊತ್ತಿಲ್ಲ.” ಇಬ್ಬರಿಗೂ ಸಮಾನವಾಗಿ ಹೇಳುವ ಮಾತೊಂದಿದೆ. ಗಾಡಿ ಧಾರವಾಡದ ಪ್ರೊಫೆಸರದ್ದು, ಮನೆಯಿಂದ ಯುನಿವರ್ಸಿಟಿಗೆ, ಯುನಿವರ್ಸಿಟಿಯಿಂದ ಮನೆಗೆ, ಅದೂ ಸೆಕೆಂಡ್ ಗೇರಿನಲ್ಲಿ. ಕಾಕಾ ಇದುವರೆಗೆ ಮಾರಿದ ಗಾಡಿಗಳಷ್ಟು ಪ್ರೊಫೆಸರರು ನಿಜವಾಗಿಯೂ ಇದ್ದಿದ್ದರೆ ಕರ್ನಾಟಕ ವಿಶ್ವವಿದ್ಯಾಲಯದ ಖಾಲಿ ಹುದ್ದೆಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರಲಿಲ್ಲ.

“ನಮ್ಮ ಮುತ್ಯಾನ ಕಾಲಕ್ಕ ಗೋವಾ ಅಂದ್ರ ಪರದೇಶ” ಎನ್ನುತ್ತಾನೆ. ಇದೊಂದು ಮಾತ್ರ ಅವನು ಬಣ್ಣ ಬಳಿಯದೆ ಹೇಳುವ ಮಾತು. 1961ರ ಡಿಸೆಂಬರ್ 19ರವರೆಗೆ ಅಲ್ಲಿ ಪೋರ್ಚುಗೀಸರ ಆಳ್ವಿಕೆ. ಕ್ಯಾಸಲ್‌ರಾಕ್ ಸ್ಟೇಶನ್ನಿನಲ್ಲಿ ಕಸ್ಟಮ್ಸ್‌ನವರು ಪ್ರಯಾಣಿಕರ ಪೆಟ್ಟಿಗೆ ಬಿಚ್ಚಿಸುತ್ತಿದ್ದರು. ಪೋರ್ಚುಗಲ್ 1928ರಲ್ಲಿ ರಸ್ತೆಯ ಬಲಕ್ಕೆ ಹೊರಳಿತು, ಆದರೆ ಬ್ರಿಟಿಷ್ ಇಂಡಿಯಾದ ಮಗ್ಗುಲಲ್ಲಿದ್ದ ಗೋವಾವನ್ನು ಎಡಕ್ಕೇ ಬಿಟ್ಟಿತು. ಕಾಕಾನಿಗೆ ಇದನ್ನು ಹೇಳಿದಾಗ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. “ಮುಂದ ನಮ್ಮ ಗಾಡಿ ಬರತಾವಂತ ಆವಾಗ್ಲೇ ಗೊತ್ತಿತ್ತು ಅವರಿಗೆ.”

ದೇಶದ ಗಡಿ ಅಳಿಸಿತು, ಆರ್‌ಟಿಒ ಗಡಿ ಉಳಿಯಿತು. ಧಾರವಾಡದ ಕೆಎ 25 ಆಗಲಿ ಹುಬ್ಬಳ್ಳಿಯ ಕೆಎ 63 ಆಗಲಿ ಗೋವಾದ ಜಿಎ ಆಗಬೇಕಾದರೆ ಎನ್‌ಒಸಿ ಬೇಕು, ಅದಕ್ಕೆ ಫಾರ್ಮ್ 28 ತುಂಬಬೇಕು, ಬ್ಯಾಂಕಿನ ಸಾಲ ತೀರಿದ್ದಕ್ಕೆ ಫಾರ್ಮ್ 35 ಲಗತ್ತಿಸಬೇಕು. ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆಯಲು ಕಾಕಾ ಬಿಳಿ ಅಂಗಿಯಲ್ಲೇ ಗಾಡಿಯ ಕೆಳಗೆ ನುಸಿಯುತ್ತಾನೆ. ಪೆನ್ಸಿಲ್, ಸೆಲ್ಲೋಟೇಪಿನ ಗುಟ್ಟು ಇದು. ಅರ್ಜಿ ಕೊಟ್ಟ 30 ದಿನಗಳೊಳಗೆ ಆರ್‌ಟಿಒ ಏನೂ ಹೇಳದಿದ್ದರೆ ಒಪ್ಪಿದಂತೆಯೇ ಎಂದು ಮೋಟಾರು ವಾಹನ ಕಾಯ್ದೆಯ 48ನೇ ಕಲಮು ಹೇಳುತ್ತದೆ. ಕಾಕಾ ನಗುತ್ತಾನೆ: “ಆರ್‌ಟಿಒ ಸುಮ್ಮನಿದ್ದದ್ದನ್ನ ಝೆರಾಕ್ಸ್ ಮಾಡಿ ಗೋವಾಕ್ಕ ಕಳಸೂದು ಹೆಂಗ್ರೀ?”

ಎನ್‌ಒಸಿ ಕೈಗೆ ಬಂತು, ಗಾಡಿ ಹೋಯಿತು, ಕಮಿಷನ್ ಎರಡೂ ಕಡೆಯಿಂದ ಬಂತು. ಕೊಂಡವ 30 ದಿನಗಳಲ್ಲಿ ತನ್ನ ಹೆಸರಿಗೆ ಬರೆಸಿಕೊಳ್ಳಬೇಕು. ಬರೆಸಿಕೊಂಡರೆ ಅಲ್ಲಿ ರೋಡ್ ಟ್ಯಾಕ್ಸ್ ಕಟ್ಟಬೇಕು, ಹಾಗಾಗಿ ಬರೆಸಿಕೊಳ್ಳುವುದಿಲ್ಲ. ಸಪ್ತಾಪುರದ ನಿವೃತ್ತ ಮಾಸ್ತರರೊಬ್ಬರ ಗಾಡಿ ಹೀಗೇ ಹೋಯಿತು. ಒಂದು ದಿನ ಅವರ ಮೊಬೈಲಿಗೆ ಚಲನ್ ಬಂತು: ಕಲಂಗುಟ್, ಶನಿವಾರ ರಾತ್ರಿ, ಸೀಟ್ ಬೆಲ್ಟ್ ಹಾಕಿಲ್ಲ. ಮೊದಲು ಓದಿದವರು ಮನೆಯಾಕೆ.

“ಶನಿವಾರ ಭಜನಿ ಅಂದಿದ್ರಿ?”

ಸಾಕ್ಷಿ ಹೇಳಲು ಕಾಕಾ ಓಡಿ ಬಂದ. “ವೈನೀ, ಸರ ಹೋಗಿಲ್ಲರಿ, ಗಾಡಿ ಅಷ್ಟ ಹೋಗೇತಿ.”

“ಹೆಸರು ಯಾರದೈತಿ?”

ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅಪಘಾತವಾದರೆ ಪರಿಹಾರದ ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ವೈನಿಯ ಕೋರ್ಟಿನಲ್ಲೂ ಅದೇ ತೀರ್ಪಾಯಿತು. ಪಾತ್ರಾಂವ್‌ಗೆ ಫೋನ್ ಹಚ್ಚಿದರೆ “ನಾಳೆ ಬರೆಸುತ್ತೇನೆ” ಎಂಬ ಉತ್ತರ. ಕಡೆಗೆ ದಂಡ ಕಟ್ಟಿದವನು ಕಾಕಾ, ಅದೂ ತನ್ನ ಕಮಿಷನ್ನಿನಲ್ಲಿ.

ಅವತ್ತೇ ಅವನಿಗೆ ತನ್ನ ನಿಯಮದ ತೂತು ಕಂಡದ್ದು. ಕೊಂಡವನು ಘಾಟಿನಾಚೆ ಇದ್ದರೂ ಮಾರಿದವನು ಊರಲ್ಲೇ ಇರುತ್ತಾನಲ್ಲ! ಈಗ ಸಪ್ತಾಪುರದ ಕಡೆ ಹಾಯುವುದು ಕಡಿಮೆ. ಕೊಲ್ಹಾಪುರದ ಗಾಡಿ ತಂದು ನೇರ ಮಡಗಾಂವಕ್ಕೆ ಕೊಡುವ ಹೊಸ ಯೋಜನೆ ಹಾಕಿದ್ದಾನೆ. ಹುಬ್ಬಳ್ಳಿಯಲ್ಲಿ ಮಿರ್ಚಿ ತಿನ್ನಲಷ್ಟೇ ನಿಲ್ಲಿಸುವುದು. ತೊಡಕು ಒಂದೇ: ಎಂಎಚ್ 09 ನಂಬರಿನ ಗಾಡಿಯನ್ನು ಧಾರವಾಡದ ಪ್ರೊಫೆಸರದ್ದೆಂದು ಹೇಗೆ ಹೇಳುವುದು?

“ಡೆಪ್ಯುಟೇಶನ್ ಮ್ಯಾಲೆ ಹೋಗಿದ್ರು ಅಂತ ಹೇಳತೇನ್ರೀ.”