ಪುಟ್ಟಸ್ವಾಮಿಯ ಶುಗರ್

ಸಕ್ಕರೆ ಕಾಯಿಲೆಯ ವಿಷಯದಲ್ಲಿ ನಮ್ಮ ಬೀದಿಗೆ ನಾನೇ ಹಿರಿಯ. ಹೊಸದಾಗಿ ಶುಗರ್ ಬಂತೆಂದು ಯಾರಾದರೂ ಮುಖ ಸಣ್ಣಗೆ ಮಾಡಿಕೊಂಡರೆ ಸಾಕು, ಮೆಂತ್ಯ, ಹಾಗಲಕಾಯಿ, ಮೂರು ತಿಂಗಳ ಸರಾಸರಿ ಎಂದು ಪುಕ್ಕಟೆ ಪ್ರವಚನ ಶುರು. ಹಾಗಾಗಿ ನಮ್ಮ ಬೆಕ್ಕು ಪುಟ್ಟಸ್ವಾಮಿ ಬಟ್ಟಲುಗಟ್ಟಲೆ ನೀರು ಕುಡಿದು, ಕಂಡಲ್ಲೆಲ್ಲ ಉಚ್ಚೆ ಹೊಯ್ದು, ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ ನಡೆಯತೊಡಗಿದಾಗ ಡಾಕ್ಟರಿಗಿಂತ ಮೊದಲು ನಾನೇ ತೀರ್ಪು ಕೊಟ್ಟೆ. "ಏನ್ರೀ, ನಿಮ್ಮಿಂದ ಅಂಟಿತಾ?" ಎಂದಳು ಹೆಂಡತಿ.

ಆಸ್ಪತ್ರೆಯ ಗಾಬರಿಗೇ ಬೆಕ್ಕಿನ ಶುಗರ್ ಏರುತ್ತದಂತೆ. ಅದಕ್ಕೆ ಪಶುವೈದ್ಯರು ಹಿಂದಿನ ಎರಡು ಮೂರು ವಾರದ ಬಣ್ಣ ಬಯಲು ಮಾಡುವ ಫ್ರಕ್ಟೋಸಮೀನ್ ಪರೀಕ್ಷೆಯನ್ನೂ ಮಾಡಿಸಿದರು. ನಾನು ಹೇಳಿದ್ದೇ ಸರಿ. "ವಯಸ್ಸಾದ, ದಪ್ಪಗಿರೋ ಗಂಡುಗಳಿಗೆ ಜಾಸ್ತಿ" ಎಂದರು. ಹೆಂಡತಿ ನನ್ನ ಹೊಟ್ಟೆಯತ್ತ ನೋಡಿದಳು.

ಬೆಕ್ಕಿಗೆ ಸಿಹಿಯ ರುಚಿಯೇ ಗೊತ್ತಾಗುವುದಿಲ್ಲ. ಆ ರುಚಿಯ ಜೀನ್ ಅದರಲ್ಲಿ ಕೆಟ್ಟು ಕೂತಿದೆಯೆಂದು 2005ರಲ್ಲೇ ವಿಜ್ಞಾನಿಗಳು ಪ್ರಕಟಿಸಿದ್ದಾರೆ. ನಾನಾದರೂ ಮೈಸೂರು ಪಾಕ್ ತಿಂದು ಗಳಿಸಿದವನು. ಪಾಪ, ಇವನಿಗೆ ಆ ಸುಖವೂ ಇಲ್ಲ!

"ಹಾಗಲಕಾಯಿ ರಸ ಹಾಕ್ಲಾ?" ಎಂದೆ.

"ಬೇಡ ಸಾರ್."

"ಮೆಟ್‌ಫಾರ್ಮಿನ್?"

"ಬೆಕ್ಕಿಗೆ ಅದು ಅಷ್ಟಾಗಿ ನಾಟಲ್ಲ."

ಸೂಜಿ ತಪ್ಪಿಸಲು ಕೊನೆಯ ಅಸ್ತ್ರ ಬಿಟ್ಟೆ. ಅಮೆರಿಕದಲ್ಲಿ ಬೆಕ್ಕುಗಳಿಗೆಂದೇ 2022ರಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೂ 2023ರಲ್ಲಿ ಬಾಯಿಗೆ ಹಾಕುವ ವೆಲಾಗ್ಲಿಫ್ಲೋಜಿನ್ ದ್ರವಕ್ಕೂ ಒಪ್ಪಿಗೆ ಸಿಕ್ಕಿದೆ. "ನಾನೂ ಅದೇ ಜಾತಿ ಮಾತ್ರೆ ನುಂಗೋದು. ಚೂರು ಮುರಿದು ಹಾಕಿದ್ರೆ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಸಕ್ಕರೆಯನ್ನು ಮೂತ್ರದಲ್ಲಿ ಹೊರದಬ್ಬುವ ಆ ಔಷಧ, ಮೈಯಲ್ಲಿ ಸ್ವಂತ ಇನ್ಸುಲಿನ್ ಒಂದಿಷ್ಟಾದರೂ ಉಳಿದಿರುವ ಗಟ್ಟಿ ಬೆಕ್ಕಿಗೆ ಮಾತ್ರ. ಇಲ್ಲದಿದ್ದರೆ ಶುಗರ್ ಅಂಕಿ ನೆಟ್ಟಗಿರುವಾಗಲೇ ರಕ್ತದಲ್ಲಿ ಕೀಟೋನ್ ಏರಿ ಜೀವಕ್ಕೇ ಕುತ್ತು. "ನಿಮ್ಮ ಮಾತ್ರೆ ನೀವೇ ನುಂಗಿ ಸಾರ್" ಎಂದು ಗ್ಲಾರ್ಜಿನ್ ಇನ್ಸುಲಿನ್ ಬರೆದರು. ಹನ್ನೆರಡು ಗಂಟೆಗೊಮ್ಮೆ ಒಂದು ಯೂನಿಟ್. ಹಾಲು-ಅನ್ನ, ಒಣ ಕಾಳಿನ ತಿಂಡಿ ಬಂದ್. ಇನ್ನು ಮೀನು, ಮಾಂಸದ ಊಟ. ಬೆಳ್ಳುಳ್ಳಿಗೂ ಮೂಗು ಮುರಿಯುವ ನಮ್ಮ ಮನೆಗೆ!

ಚೀಟಿಯ ತಲೆಭಾಗವನ್ನು ಪುಟ್ಟಸ್ವಾಮಿ ಆಟೋದಲ್ಲೇ ಪರಚಿ ಚಿಂದಿ ಮಾಡಿದ್ದ. ಮೆಡಿಕಲ್ ಶಾಪಿನವರು ಉಳಿದದ್ದನ್ನು ಓದಿದರು.

"ಪುಟ್ಟಸ್ವಾಮಿ, ಹತ್ತು ವರ್ಷ... ಅಯ್ಯೋ, ಮಗೂಗೇನು ಸಾರ್? ತೂಕ ಎಷ್ಟು?"

"ಏಳು ಕೆಜಿ."

"ಬರೀ ಏಳು?"

"ಡಾಕ್ಟ್ರು ಇನ್ನೂ ಇಳಿಸಿ ಅಂದಿದ್ದಾರೆ."

ಹಿಂದೆ ನಿಂತಿದ್ದ ಹೆಂಗಸು "ಶಿವಾ" ಎಂದರು. ಆಗಲೇ ಬಾಯಿಬಿಡಬೇಕಿತ್ತು. ಅಷ್ಟೊಂದು ಅನುಕಂಪ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ.

"ಸ್ಕೂಲಲ್ಲಿ ಹೇಳಿದ್ದೀರಾ?"

"ಸ್ಕೂಲಿಗೆ ಹೋಗಲ್ಲ. ಹಗಲೆಲ್ಲ ಮಲಗಿರ್ತಾನೆ, ರಾತ್ರಿ ಕಾಂಪೌಂಡ್ ಹಾರಿ ಹೋಗ್ತಾನೆ."

ಅವರು ಮಾತಿಲ್ಲದೆ ಕಿತ್ತಳೆ ಮುಚ್ಚಳದ ಸಿರಿಂಜ್ ಕೊಟ್ಟರು. ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ ಅದೇ ಆಗಬೇಕು; ಕೆಂಪು ಮುಚ್ಚಳದ್ದು 40 ಯೂನಿಟ್‌ನದಕ್ಕೆ. 100ರದ್ದನ್ನು ಕೆಂಪು ಮುಚ್ಚಳದ್ದರಲ್ಲಿ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗಿ ರೋಗಿ ಕುಸಿದುಬೀಳುತ್ತಾನೆ. "ಶುಗರ್ ಇಳಿದು ಸುಸ್ತಾದ್ರೆ ವಸಡಿಗೆ ಜೇನುತುಪ್ಪ ಸವರಿ, ತಕ್ಷಣ ಆಸ್ಪತ್ರೆಗೆ ಓಡಿ" ಎಂದರು. ಈ ಬುದ್ಧಿವಾದ ಇಬ್ಬರು ಪುಟ್ಟಸ್ವಾಮಿಗಳಿಗೂ ಹೊಂದುವಂಥದ್ದೇ.

ಮನೆಯಲ್ಲಿ ಅವನು ಮೀನಿನಲ್ಲಿ ಮೈಮರೆತಾಗ ಚರ್ಮ ಎತ್ತಿ ಚುಚ್ಚಿದೆ. ಸೂಜಿ ಈ ಕಡೆ ಹೊಕ್ಕು ಆ ಕಡೆ ಬಂದು ಇನ್ಸುಲಿನ್ ನನ್ನ ಪಂಚೆಗೆ ಸಂದಾಯವಾಯಿತು. ಅರ್ಧವಾದರೂ ಹೋಯಿತೋ ಎಂಬ ಅನುಮಾನವಿದ್ದರೂ ಮತ್ತೆ ಚುಚ್ಚುವಂತಿಲ್ಲ. ಮುಂದಿನ ಸರದಿಗೇ ಕಾಯಬೇಕು. ಕೊನೆಗೆ ಸಿರಿಂಜ್ ಹೆಂಡತಿಯ ಕೈಗೆ ಹೋಯಿತು, ಅವನಿಗೆ ಗೊತ್ತೇ ಆಗದಂತೆ ಚುಚ್ಚಿಬಿಟ್ಟಳು. ಕಿವಿಯಂಚಿನಿಂದ ರಕ್ತದ ಹನಿ ತೆಗೆದು ನೋಡುವುದನ್ನೂ ಅವಳೇ ಕಲಿತಳು. ನನಗೆ ಉಳಿದದ್ದು ಮೀನು ತರುವ ಕೆಲಸ.

ಬೇಗ ಚಿಕಿತ್ಸೆ ಹಿಡಿದರೆ ಬೆಕ್ಕುಗಳಲ್ಲಿ ಎಷ್ಟೋ ಸಲ ಇನ್ಸುಲಿನ್ ಬೇಡವಾಗುವ ಮಟ್ಟಕ್ಕೆ ಶುಗರ್ ಇಳಿಯುತ್ತದೆ. ಪುಟ್ಟಸ್ವಾಮಿಗೂ ಇಳಿಯಿತು. ನನ್ನದು ಅದೇ ತಿಂಗಳು ಏರಿತು. ನನ್ನ ಮಾತ್ರೆ ತರಲು ಹೋದಾಗ ಅಂಗಡಿಯವರು ಎದ್ದು ನಿಂತರು.

"ಮಗ ಹೇಗಿದ್ದಾನೆ ಸಾರ್?"

"ಚೆನ್ನಾಗಿದ್ದಾನೆ. ಇನ್ಸುಲಿನ್ ನಿಲ್ಲಿಸಿಬಿಟ್ವಿ."

"ನಿಲ್ಲಿಸಿದ್ರಾ? ಮಕ್ಕಳ ಶುಗರ್‌ಗೆ ಇನ್ಸುಲಿನ್ ನಿಲ್ಲಿಸೋ ಹಾಗೇ ಇಲ್ಲ! ಮತ್ತೇನು ಕೊಡ್ತಿದ್ದೀರಿ?"

"ಬರೀ ಮೀನು," ಎಂದೆ. "ನೆಲದ ಮೇಲೆ ಹಾಕಿದ್ರೂ ತಿಂತಾನೆ."

ಈಗ ನನ್ನ ಮಾತ್ರೆಗಳನ್ನು ಬೇರೆ ಬಡಾವಣೆಯ ಅಂಗಡಿಯಿಂದ ತರುತ್ತೇನೆ.