ಹಲ್ಲಿಗೆ ಸಿಕ್ಕಿದ ಇರಾನ್

ಲೋಕದ ರೊಟ್ಟಿಗಳನ್ನೆಲ್ಲ ಮನೆಯಲ್ಲೇ ಸುಡುತ್ತೇನೆಂದು ಹೊರಡುವ ರೋಗ ನಿಮಗೂ ಒಮ್ಮೆ ಬಂದಿರುತ್ತದೆ, ಸುಮ್ಮನೆ ಒಪ್ಪಿಕೊಳ್ಳಿ. ಬೇರೆಯವರಿಗೆ ಅದು ಲಾಕ್‌ಡೌನಿನಲ್ಲಿ ಬಂದು ಹೋಯಿತು. ನನಗೆ ಎಲ್ಲ ಮುಗಿದ ಮೇಲೆ ಬಂತು, ಬಂದದ್ದು ಹೋಗಲಿಲ್ಲ.

ಶುರು ಮಾಡಿದ್ದು ಫ್ರಾನ್ಸಿನ ಬಗೆಟ್‌ನಿಂದ. ಅದನ್ನು ಮಾಡುವ ಕಲೆಯನ್ನು ಯುನೆಸ್ಕೊ 2022ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದೆ. ಬೇಕಾದದ್ದಾದರೂ ಏನು? ಹಿಟ್ಟು, ನೀರು, ಉಪ್ಪು, ಯೀಸ್ಟ್. ಇಷ್ಟರಲ್ಲಿ ಕೆಡಿಸುವುದಕ್ಕೆ ಏನಿದೆ ಅಂದುಕೊಂಡೆ. ನಾಲ್ಕನ್ನೂ ಕೆಡಿಸಿದೆ. ನನ್ನ ಬಗೆಟ್ ಅಡುಗೆಮನೆಯ ಕಿಟಕಿ ಗಾಳಿಗೆ ಬಡಿಯದಂತೆ ಊರೆಗೋಲಾಗಿ ನಿಂತಿತು. ಒಂದು ಮಳೆಗಾಲ ಪೂರ್ತಿ ನೆನೆದರೂ ಮೆತ್ತಗಾಗಲಿಲ್ಲ.

ಜರ್ಮನಿಯ ಪಂಪರ್ನಿಕೆಲ್ ಕನಿಷ್ಠ 16 ಗಂಟೆ ಬೇಯಬೇಕಂತೆ. ಕರೆಂಟ್ ಬಿಲ್ಲು ನೆನೆದು ಬಿಟ್ಟುಬಿಟ್ಟೆ. ಈ ಇಡೀ ಪ್ರಕರಣದಲ್ಲಿ ನಾನು ತೋರಿದ ವಿವೇಕ ಅದೊಂದೇ.

ಆಮೇಲೆ ಇಥಿಯೋಪಿಯಾ. ಅಲ್ಲಿಯ ಇಂಜೆರಾ ನಮ್ಮ ದೋಸೆಯ ದೂರದ ನೆಂಟನ ಹಾಗಿದೆ. ಟೆಫ್ ಎಂಬ ಚಿಕ್ಕ ಕಾಳಿನ ಹಿಟ್ಟನ್ನು ಕೆಲವು ದಿನ ಹುಳಿ ಬರಿಸಿ, ಮಿತಾದ್ ಎಂಬ ಅಗಲ ಹೆಂಚಿನ ಮೇಲೆ ಹುಯ್ಯುತ್ತಾರೆ. ದೋಸೆ ಹುಯ್ದ ವಂಶ ನಮ್ಮದು, ನನಗೆ ಯಾರೇನು ಕಲಿಸುವುದು! ಹಿಟ್ಟು ಕಲಸಿ, ಡಬ್ಬಿಯ ಮುಚ್ಚಳ ಬಿಗಿಯಾಗಿ ತಿರುಗಿಸಿಟ್ಟೆ. ಏಪ್ರಿಲ್ ತಿಂಗಳು ಬೇರೆ. ನಡುರಾತ್ರಿ ಢಂ! ಮುಚ್ಚಳ ಸೂರಿಗೆ, ಹಿಟ್ಟು ಗಡಿಯಾರಕ್ಕೆ, ಮಿಕ್ಕಿದ್ದು ದೇವರ ಕ್ಯಾಲೆಂಡರಿಗೆ. ಕಳ್ಳನೆಂದು ಹೆದರಿ ಕೈಗೆ ಸಿಕ್ಕಿದ ಆಯುಧ ಹಿಡಿದೆ. ಅದು ಬಗೆಟ್. ಆಸರೆ ತಪ್ಪಿದ ಕಿಟಕಿ ಧಡಾರನೆ ಬಡಿದು ಅಕ್ಕಪಕ್ಕದವರೂ ಎದ್ದರು. ಬೆಳಿಗ್ಗೆ ಉಳಿದ ಹಿಟ್ಟು ಹುಯ್ದರೆ, ಆಹಾ, ಮೈಯೆಲ್ಲ ಕಣ್ಣು! ಇಂಜೆರಾವನ್ನು ಒಂದೇ ಬದಿ ಬೇಯಿಸಬೇಕು, ಮಗುಚಬಾರದು. ನನಗೆ ಗೊತ್ತಿತ್ತು, ನನ್ನ ಕೈಗೆ ಗೊತ್ತಿರಲಿಲ್ಲ. ಮಗುಚಿತು. ಕಣ್ಣೆಲ್ಲ ಮುಚ್ಚಿಹೋದವು.

ಬುದ್ಧಿ ಇದ್ದವರು ಅಲ್ಲಿಗೆ ನಿಲ್ಲಿಸುತ್ತಾರೆ. ನಾನು ಇರಾನಿಗೆ ಹೊರಟೆ, ಅಂದರೆ ಹಿತ್ತಲಿಗೆ. ಅಲ್ಲಿಯ ಸಂಗಕ್ ರೊಟ್ಟಿ ಬೇಯುವುದು ಒಲೆಯೊಳಗೆ ಕಾದ ಬೆಣಚುಕಲ್ಲುಗಳ ಹಾಸಿನ ಮೇಲೆ. ತಿನ್ನುವ ಮೊದಲು ಅಂಟಿದ ಕಲ್ಲುಗಳನ್ನು ಉದುರಿಸಬೇಕು. ಹಿತ್ತಲಲ್ಲಿ ಇಟ್ಟಿಗೆಯ ಒಲೆ ಕಟ್ಟಿದೆ. ಕಲ್ಲಿಗೆ ಎಲ್ಲಿಗೆ ಹೋಗಲಿ? ಮಗಳ ಮೀನಿನ ತೊಟ್ಟಿಯಲ್ಲಿದ್ದವನ್ನು ತೊಳೆದು ಸುರಿದೆ. ಬಣ್ಣ ಬಳಿದ ಕಲ್ಲುಗಳು ಎಂಬುದು ರೊಟ್ಟಿಯ ತಳ ನೀಲಿಯಾದಾಗ ತಿಳಿಯಿತು. ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಕೋಪಕ್ಕೆ ನಾನೇ ನೀಲಿ ಕೆರೆದು ದೊಡ್ಡ ತುಂಡು ಬಾಯಿಗಿಟ್ಟೆ. ಕಲ್ಲು ಉದುರಿಸುವ ಸಂಗತಿ ನೆನಪಾದದ್ದು ಕಟಕ್ ಎಂದ ಮೇಲೆ.

“ಏನು ಕಚ್ಚಿದಿರಿ?” ಎಂದರು ದಂತವೈದ್ಯರು.

“ಇರಾನ್,” ಎಂದೆ. ಬಾಯಿ ತೆರೆದಿದ್ದಾಗ ಅಷ್ಟೇ ಹೇಳಲಾದದ್ದು. ಅವರು ತಲೆಯ ಡಾಕ್ಟರಿಗೂ ಒಂದು ಚೀಟಿ ಬರೆಯಲೇ ಎಂದು ಕೇಳಿದರು. ಬಿಲ್ಲು ನೋಡಿದ ಮೇಲೆ ಗಟ್ಟಿಯಿದ್ದ ಹಲ್ಲುಗಳೂ ನೋಯತೊಡಗಿದವು.

ಟೆಫ್ ಹಿಟ್ಟು ಇನ್ನೂ ಅರ್ಧ ಚೀಲ ಉಳಿದಿದೆ. ಬೇಕಾದವರು ದಯವಿಟ್ಟು ಬಂದು ಒಯ್ಯಿರಿ, ಕಲ್ಲು ಪುಕ್ಕಟೆ.